ಓಮನಳ ಆಕಾಶಕ್ಕೆ ಬಂದ ಬೆಳ್ಳಕ್ಕಿಗಳು

“ನನ್ನ ಆಕಾಶಕ್ಕೆ ಯಾರು ಕೈ ಹಾಕಿದ್ದು?”

ಓಮನಳ ಕೂಗಿಗೆ ನಮ್ಮೂರು ಚೇಕಾಡಿಯ ಚಹಾದಂಗಡಿ ಖಾಲಿಯಾಯಿತು. ನಾನೂ ಚಿಕ್ಕಮ್ಮನೂ ಓಡಿದೆವು. ಗುರುಮೂರ್ತಿಯವರ ಕರಿಮೆಣಸಿನ ಗೋದಾಮಿನ ಗೋಡೆಯ ಮೇಲೆ ಅವಳು ಬರೆದ ಗದ್ದೆ ಹಾಗೆಯೇ ಇತ್ತು — ನಾಟಿ ಹೆಂಗಸರು, ಬದು, ಕಾಡಿನ ಅಂಚು. ಆದರೆ ನಿನ್ನೆ ಸಂಜೆ ಬರೀ ನೀಲಿಯಾಗಿದ್ದ ಆಕಾಶದಲ್ಲಿ, ಸೂರಿನಡಿಯ ಗವಾಕ್ಷಿಯ ಪಕ್ಕ, ಐದಾರು ಬೆಳ್ಳಕ್ಕಿಗಳು ಹಾರುತ್ತಿದ್ದವು.

ಈ ಕಡೆಯ ಚಿತ್ರಗಾರರನ್ನು ಹೊರಗಿನವರಿಗೆ ತೋರಿಸಲೆಂದು ಇವತ್ತು ಕಲಾ ನಡಿಗೆ. ನೋಡುವವರು ಪುಲ್ಪಳ್ಳಿಯಿಂದ ಆಗಲೇ ಹೊರಟಿದ್ದರು. ಓಮನಳಿಗೆ ಇದು ಮೊದಲ ಗೋಡೆ. ಅವಳ ಕೈಯಲ್ಲಿ ಸುಣ್ಣದ ಬಕೆಟ್!

“ಎಲ್ಲಾ ಬಳ್ದುಬಿಡ್ತೀನಿ. ನಂಗೆ ಬರಿಯಕ್ಕೆ ಬರಲ್ಲ ಅಂತ ಆಡ್ಕೊಳ್ಳೋಕೇ ಮಾಡವ್ರೆ!”

ಶಾಲೆಯ ಮೇಷ್ಟ್ರು, ನಡಿಗೆಯ ಕಾರ್ಯದರ್ಶಿ ಸುಕುಮಾರನ್ ಮಾಷ್ ನೇರವಾಗಿ ಷಿಬುವಿನತ್ತ ತಿರುಗಿದರು. ಷಿಬು ಅಂಗಡಿ ಬೋರ್ಡು ಬರೆಯುವವನು. ಅವನ ಚಿತ್ರಗಳೂ ಇವತ್ತಿನ ನಡಿಗೆಯಲ್ಲಿದ್ದವು.

“ನಿನ್ನೆ ಆಕಾಶ ಖಾಲಿ ಅಂದವನು ನೀನೇ. ಏಣಿ ಇರೋದೂ ನಿನ್ನ ಹತ್ರಾನೇ. ನಿನ್ನ ಚಿತ್ರ ಇವತ್ತು ಬೇಡ, ತೆಗಿ.”

“ಅಂದೆ ಮಾಷೇ, ಇಲ್ಲ ಅನ್ನಲ್ಲ. ಆದ್ರೆ ಕೂಲಿ ಇಲ್ದೆ ಬರಿಯೋ ಮುಖಾನಾ ಇದು?”

ಯಾರೋ ನಕ್ಕರು. ಓಮನ ನಗಲಿಲ್ಲ.

“ಹೋಗ್ಲಿ ಬಿಡಿ ಮಾಷೇ,” ಎಂದರು ಗುರುಮೂರ್ತಿ. “ಹಕ್ಕಿ ತಾನೆ? ಗೋಡೆ ನಂದು. ನಂಗೇ ಬೇಜಾರಿಲ್ಲ.”

ಚಿಕ್ಕಮ್ಮ ಭಾಗ್ಯಲಕ್ಷ್ಮಿ ನಿವೃತ್ತ ಹೆಡ್ ಕಾನ್‌ಸ್ಟೆಬಲ್. ಕೆಲಸ ಬಿಟ್ಟರೂ ಪ್ರಶ್ನೆ ಕೇಳುವ ಚಾಳಿ ಬಿಟ್ಟಿರಲಿಲ್ಲ.

“ಬಕೆಟ್ ಕೆಳಗಿಡು ಮಗಾ. ಸುಣ್ಣ ಎಲ್ಲೂ ಓಡಿ ಹೋಗಲ್ಲ. ಷಿಬು, ಏಣಿ ತಗೊಂಡು ಬಾ.”

ಏಣಿ ಬಂತು. ಎರಡು ಕಾಲು, ಎರಡಕ್ಕೂ ಕಬ್ಬಿಣದ ಕಟ್ಟು. ಓಮನ ಬಣ್ಣದ ಕುಂಚ ತೊಳೆದ ನೀರಿಗೆ ಗೋಡೆಯ ಬುಡದ ಮಣ್ಣು ಇನ್ನೂ ಮೆತ್ತಗಿತ್ತು. ಚಿಕ್ಕಮ್ಮ ನನ್ನ ಕಿವಿಯ ಹತ್ತಿರ ಬಂದರು.

“ಅರ್ಚನಾ, ನಿನ್ನ ಕಣ್ಣಿಗೆ ಏನು ಬಿತ್ತು?”

ಅಷ್ಟು ಜನರ ನಡುವೆ ನನ್ನ ದನಿ ಏಳಲಿಲ್ಲ. “ಒಂದು ಗುಂಡಿ... ದುಂಡಗಿದೆ. ತೋರಣದ ಬಿದಿರು ನೆಟ್ಟದ್ದಿರಬೇಕು.”

“ಓಮನ, ಈ ಗೋಡೆಗೆ ತೋರಣ ಕಟ್ಟಿದ್ರಾ?”

“ಇಲ್ಲ ಚೇಚಿ. ಚಿತ್ರ ಮುಚ್ಚುತ್ತೆ ಅಂತ ನಾನೇ ಬೇಡ ಅಂದೆ.”

ಚಿಕ್ಕಮ್ಮ ತಲೆಯೆತ್ತಿ ಗವಾಕ್ಷಿಯನ್ನು ನೋಡಿದರು. ಅದರ ಸರಳಿನಲ್ಲಿ ತೆಂಗಿನ ನಾರಿನ ಹಗ್ಗದ ತುಂಡೊಂದು ಸಿಕ್ಕಿಕೊಂಡಿತ್ತು.

“ಗುರುಮೂರ್ತಿ, ಗೋದಾಮಿನ ಕೀಲಿ ಯಾರ್‍ಯಾರ ಹತ್ರ ಇದೆ?”

“ನನ್ನ ಹತ್ರ ಒಂದೇ. ಯಾಕೆ?”

“ಹಾಗಾದ್ರೆ ಷಿಬುವನ್ನ ಬಿಟ್ಟುಬಿಡಿ, ಮಾಷೇ.”

ಚಿಕ್ಕಮ್ಮ ಗುಂಡಿಯತ್ತ ಬೆರಳು ತೋರಿಸಿದರು.

“ಷಿಬುವಿನ ಏಣಿ ಇಟ್ಟಿದ್ರೆ ಎರಡು ಗುರುತು ಬೀಳ್ತಿತ್ತು. ಇಲ್ಲಿರೋದು ಒಂದೇ. ಒಂಟಿ ಕಾಲಿನ ಏಣಿ ಯಾವುದು ಹೇಳಿ? ಮೆಣಸು ಕುಯ್ಯೋರದ್ದು! ಒಂದೇ ಬಿದಿರು, ಗೆಣ್ಣಿಗೊಂದು ಮೋಟು ಕವಲು, ಅದೇ ಮೆಟ್ಟಿಲು. ನಮ್ಮೂರಲ್ಲಿ ದಿನಾ ನೋಡ್ತೀವಿ, ಅದಕ್ಕೇ ಯಾರಿಗೂ ಹೊಳೀಲಿಲ್ಲ. ಮರಕ್ಕಾದ್ರೆ ಕೊಂಬೆಗೆ ಒರಗಿ ನಿಲ್ಲುತ್ತೆ. ಗೋಡೆಗೆ ಒರಗಿಸಿದ್ರೆ ಉರುಳುತ್ತೆ, ತುದಿ ಕಟ್ಟಲೇಬೇಕು. ಕಟ್ಟದೆ ಹತ್ತೋಕಾಗಲ್ಲ, ಹತ್ತದೆ ಕಟ್ಟೋಕಾಗಲ್ಲ — ಮತ್ತೆ ಕಟ್ಟಿದ್ದು ಎಲ್ಲಿಂದ?”

ನನಗೇ ತಿಳಿಯದೆ ಮಾತು ಹೊರಬಿತ್ತು. “ಒಳಗಿಂದ! ಚೀಲದ ಮೇಲೆ ನಿಂತು, ಗವಾಕ್ಷಿಯಿಂದ!”

“ಹೌದು. ನೋಡಿ, ಹಗ್ಗದ ಗಂಟೂ ಒಳಗಡೆಗೇ ಇದೆ.”

ಗುರುಮೂರ್ತಿ ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಮೆಣಸಿನ ವ್ಯಾಪಾರಕ್ಕೆ ಇಳಿಯುವ ಮುಂಚೆ ಅವರು ಮೆಣಸು ಕುಯ್ಯುತ್ತಿದ್ದವರು. ಎಲ್ಲರಿಗೂ ಗೊತ್ತಿತ್ತು, ಎಲ್ಲರೂ ಮರೆತಿದ್ದರು.

“ನಾನೇ ಕಣವ್ವ,” ಎಂದರು, ಓಮನಳನ್ನು ನೋಡದೆ. “ಮರದ ಮೇಲಿದ್ರೆ ಬೆಳ್ಳಕ್ಕಿ ಕಣ್ಣಿನ ಮಟ್ಟಕ್ಕೇ ಬತ್ತವೆ. ನಿನ್ನ ಗದ್ದೆ ನೋಡಿ ಕೈ ತಡೀನಿಲ್ಲ. ಆಡ್ಕೊಳ್ಳೋಕಲ್ಲ. ದೇವ್ರಾಣೆಗೂ ಅಲ್ಲ.”

“ಷಿಬು ಮೇಲೆ ಅಪವಾದ ಬಂದಾಗ್ಲಾದ್ರೂ ಬಾಯಿ ಬಿಡ್ಬೇಕಿತ್ತು,” ಎಂದರು ಚಿಕ್ಕಮ್ಮ.

“ಬಿಡ್ಬೇಕಿತ್ತು. ತಪ್ಪಾಯ್ತು ಷಿಬು. ಗೋದಾಮಿನ ಮುದಲಾಳಿ ಹಕ್ಕಿ ಬರೀತವ್ನೆ ಅಂದ್ರೆ ನಗಲ್ವಾ ಜನ?”

“ಇದೊಂದೇನಾ ಬರ್ದಿರೋದು?” ಓಮನ ಕೇಳಿದಳು. ದನಿಯಲ್ಲಿ ಸಿಟ್ಟು ಇನ್ನೂ ಇತ್ತು.

ಗುರುಮೂರ್ತಿ ಗೋದಾಮಿನ ಬಾಗಿಲು ತೆರೆದರು. ಮೆಣಸಿನ ಘಾಟಿನ ನಡುವೆ ನಾವೆಲ್ಲ ಒಳಗೆ ನಿಂತೆವು. ಚೀಲಗಳ ಹಿಂದಿನ ಗೋಡೆಯ ಮೇಲೆ, ಸೂರಿನವರೆಗೂ, ಚೀಲಕ್ಕೆ ಗುರುತು ಹಾಕುವ ಕಪ್ಪು ಮಸಿಯಲ್ಲಿ ಹಕ್ಕಿಗಳು — ಮಂಗಟ್ಟೆ, ಮಿಂಚುಳ್ಳಿ, ಮರಿಗೆ ಗುಟುಕು ಕೊಡುವ ಗಿಳಿ. ಮಾಷ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ಓಮನ ಗೋಡೆಯುದ್ದಕ್ಕೂ ನಡೆದಳು. ಗಿಳಿಯ ಮುಂದೆ ಬಹಳ ಹೊತ್ತು ನಿಂತಳು. ಆಮೇಲೆ ತಿರುಗಿದಳು.

“ಕೇಳದೆ ನನ್ನ ಚಿತ್ರದೊಳಗೆ ಬಂದ್ರಿ. ದಂಡ ಕಟ್ಬೇಕು.”

“ಎಷ್ಟು?” ಗುರುಮೂರ್ತಿಯವರ ಕೈ ಆಗಲೇ ಜೇಬಿಗೆ ಹೋಗಿತ್ತು.

“ಕಾಸಲ್ಲ, ಮುದಲಾಳಿ. ಈ ಬಾಗ್ಲು ಸಂಜೆವರ್ಗೂ ಮುಚ್ಚಬಾರ್ದು. ನನ್ನ ಗೋಡೆ ನೋಡಿದೋರು ನಿಮ್ಮ ಗೋಡೆನೂ ನೋಡ್ಲಿ. ಬೆಳ್ಳಕ್ಕಿ ಅಲ್ಲೇ ಇರ್ತವೆ.”

ಗುರುಮೂರ್ತಿ ಬಾಗಿಲ ಕಡೆ ನೋಡಿದರು. ತಿರುವಿನಲ್ಲಿ ಬಸ್ಸು ನಿಂತ ಸದ್ದು, ಇಳಿಯುವವರ ಮಾತು.

ಷಿಬು ಒಂದು ಹಲಗೆ ಎಳೆದುಕೊಂಡು ಕುಂಚ ಅದ್ದಿದ. “ಬೇಗ ಹೇಳಿ, ಜನ ಬಂದ್ರು. ಏನಂತ ಬರೀಲಿ? ಗುರುಮೂರ್ತಿ ಟ್ರೇಡರ್ಸ್ ಅಂತಾನೇ?”

“ಟ್ರೇಡರ್ಸ್ ಬೇಡ ಕಣಪ್ಪ,” ಅವರ ದನಿ ನನ್ನದಕ್ಕಿಂತ ಮೆಲ್ಲಗಿತ್ತು. “ಬರೀ ಹೆಸರು ಹಾಕು.”