ಎರಡು ಸಲ ಬಂದ ಹುಡುಗಿ

“ನಿಮ್ಮ ಇಂಟರ್‌ವ್ಯೂ ನಿನ್ನೆನೇ ಮುಗೀತಲ್ಲ,” ಎಂದಳು ಸ್ವಾಗತದ ಮೇಜಿನ ಹಿಂದೆ ಕೂತಿದ್ದ ಹೆಂಗಸು.

ಹುಡುಗಿ ನಕ್ಕಳು. ತಮಾಷೆ ಅಂದುಕೊಂಡಿದ್ದಳು. ಹೆಂಗಸು ನಗಲಿಲ್ಲ. ರಿಜಿಸ್ಟರನ್ನು ತಿರುಗಿಸಿ ಮುಂದಿಟ್ಟಳು. ಮಂಗಳವಾರ, ಹನ್ನೊಂದು ಗಂಟೆ ಹತ್ತು ನಿಮಿಷ. ಅವಳದೇ ಹೆಸರು, ಅವಳದೇ ಕಾಲೇಜು, ಅವಳದೇ ರೋಲ್ ನಂಬರು. ಸಹಿ ಮಾತ್ರ ಬೇರೆ ಯಾರದೋ.

“ನಾನು ನಿನ್ನೆ ಮನೆ ಬಿಟ್ಟು ಹೊರಗೇ ಹೋಗಿಲ್ಲ,” ಎಂದಳು ಹುಡುಗಿ.

ಒಳಗಿನಿಂದ ಕಂಪನಿಯ ಮುಖ್ಯಸ್ಥೆ ಬಂದರು. ಹುಡುಗಿಯ ಮುಖ ನೋಡಿದರು. ಕೈಯಲ್ಲಿದ್ದ ಫೈಲು ನೋಡಿದರು. ಮತ್ತೆ ಮುಖ ನೋಡಿದರು.

“ಇವಳಲ್ಲ,” ಎಂದರು. “ಪೊಲೀಸರಿಗೆ ಫೋನ್ ಮಾಡಿ.”

*

ಇನ್ಸ್‌ಪೆಕ್ಟರಿಗೆ ಮೂವತ್ತು ವರ್ಷದ ಸರ್ವೀಸು. ಮನೆಗಳ್ಳರನ್ನು ಹಿಡಿದಿದ್ದರು, ಖೋಟಾ ನೋಟು ಹಿಡಿದಿದ್ದರು, ಒಬ್ಬರ ಪರೀಕ್ಷೆಯನ್ನು ಇನ್ನೊಬ್ಬರು ಬರೆದದ್ದನ್ನೂ ಹಿಡಿದಿದ್ದರು. ಈ ಕೇಸು ಮಾತ್ರ ತಲೆಗೆ ಹತ್ತಲಿಲ್ಲ.

“ಏನು ಕಳುವಾಗಿದೆ?”

“ಏನೂ ಇಲ್ಲ,” ಎಂದರು ಮುಖ್ಯಸ್ಥೆ.

“ಮತ್ತೆ?”

“ಯಾರೋ ಬಂದು ಈ ಹುಡುಗಿ ಹೆಸರಲ್ಲಿ ಇಂಟರ್‌ವ್ಯೂ ಕೊಟ್ಟು ಹೋಗಿದಾರೆ. ಕೊಟ್ಟದ್ದೂ ಎಂಥಾದ್ದು! ಇಲ್ಲಿವರೆಗೆ ಬಂದೋರಲ್ಲೆಲ್ಲಾ ಅವಳೇ ಫಸ್ಟು.”

ಇನ್ಸ್‌ಪೆಕ್ಟರ್ ಕೆನ್ನೆ ಕೆರೆದುಕೊಂಡರು. “ಹಾಗಾದ್ರೆ ಕೆಲಸ ಈ ಹುಡುಗಿಗೇ ಸಿಗುತ್ತೆ. ಬಂದವಳಿಗೆ ಏನು ಲಾಭ?”

“ಅದು ನನಗೂ ಅರ್ಥ ಆಗ್ತಿಲ್ಲ. ನಾವು ಜನರ ಉಳಿತಾಯ ಹೂಡಿಕೆ ಮಾಡೋರು. ಬೇರೆ ಕಂಪನಿಯವರು ನಮ್ಮೊಳಗೆ ಯಾರನ್ನಾದ್ರೂ ತೂರಿಸೋಕೆ ನೋಡ್ತಿದಾರೋ ಏನೋ. ಇಲ್ಲ ಅಂದ್ರೆ ಈ ಹುಡುಗಿನೇ ಯಾರನ್ನೋ ಗೊತ್ತುಮಾಡಿ ಕಳಿಸಿದಾಳೆ. ಶುಕ್ರವಾರ ಸಾಯಂಕಾಲದವರೆಗೆ ನೋಡ್ತೀನಿ. ಆಮೇಲೆ ಇವಳ ಹೆಸರು ಎಲ್ಲಾ ಕಂಪನಿಗಳಿಗೂ ಹೋಗುತ್ತೆ. ಈ ಲೈನಲ್ಲಿ ಯಾರೂ ಇವಳನ್ನ ಬಾಗಿಲೊಳಗೆ ಬಿಡಲ್ಲ.”

“ಗುರುತಿನ ಚೀಟಿ ನೋಡಲಿಲ್ವಾ ನೀವು?”

ಮುಖ್ಯಸ್ಥೆ ಫೈಲಿನಿಂದ ಒಂದು ಹಾಳೆ ತೆಗೆದು ಕೊಟ್ಟರು. ಕಾಲೇಜಿನ ಗುರುತಿನ ಚೀಟಿಯ ಜೆರಾಕ್ಸ್. ಫೋಟೋ ಇರಬೇಕಾದ ಕಡೆ ಮಸಿ ಬಳಿದ ಹಾಗೆ ಒಂದು ಕಪ್ಪು ಮುಖ.

“ಒರಿಜಿನಲ್ ಕಾಲೇಜ್ ಆಫೀಸಲ್ಲಿ ಕೊಟ್ಟಿದೀನಿ ಅಂದಳು. ನಂಬಿದ್ವಿ.”

ಇನ್ಸ್‌ಪೆಕ್ಟರ್ ತಮ್ಮ ದಪ್ಪ ಮೀಸೆಯ ಮೇಲೆ ಕೈಯಾಡಿಸಿದರು. “ಇದು ನನ್ನ ಫೋಟೋ ಅಂದ್ರೂ ನಡೀತಿತ್ತು.”

*

ಪಕ್ಕದ ಕೋಣೆಯಲ್ಲಿ ಇನ್ಸ್‌ಪೆಕ್ಟರ್ ಎದುರು ಹುಡುಗಿ ಕುರ್ಚಿಯ ತುದಿಗೆ ಕೂತಿದ್ದಳು.

“ಎರಡು ದಿನದ ಇಂಟರ್‌ವ್ಯೂ. ಯಾವ ದಿನ ಬೇಕಾದ್ರೂ ಬರಬಹುದು ಅಂತ ಪತ್ರದಲ್ಲಿದೆ. ಮೊದಲನೇ ದಿನ ನೀನು ಯಾಕೆ ಬರಲಿಲ್ಲ?”

“ಬರೋದೇ ಬೇಡ ಅಂದುಕೊಂಡಿದ್ದೆ ಸರ್.”

“ಮೂರು ವರ್ಷ ಫೈನಾನ್ಸ್ ಓದಿದೀಯ. ಕರೆದು ಕೆಲಸ ಕೊಡ್ತೀವಿ ಅಂದ್ರೆ ಬೇಡ್ವಾ? ಏನಾಗ್ಬೇಕು ಅಂತಿದೀಯಮ್ಮ?”

ಅಷ್ಟು ಕೇಳಿದ್ದೇ ತಡ, ಅವಳಿಗೆ ಅಳು ಒತ್ತರಿಸಿಕೊಂಡು ಬಂತು.

“ಅದೇ ಗೊತ್ತಿಲ್ಲ ಸರ್! ಅಪ್ಪ ಬ್ಯಾಂಕ್ ಪರೀಕ್ಷೆ ಕಟ್ಟು ಅಂತಾರೆ. ಸೋದರಮಾವ ಇನ್ಶೂರೆನ್ಸ್ ಒಳ್ಳೇದು ಅಂತಾರೆ. ಅತ್ತಿಗೆ ಆಡಿಟರ್ ಆಗು ಅಂತ ಪುಸ್ತಕಾನೇ ತಂದುಕೊಟ್ಟಿದಾರೆ. ಗೆಳತಿಯರೆಲ್ಲ ಎಂಬಿಎಗೆ ಅರ್ಜಿ ಹಾಕಿ ಆಯ್ತು. ಈ ಕಂಪನಿಗೆ ಹೋಗಲ್ಲ ಅಂತ ಸೋಮವಾರಾನೇ ಗಟ್ಟಿ ಮನಸ್ಸು ಮಾಡಿದ್ದೆ. ಇವತ್ತು ಬೆಳಿಗ್ಗೆ ಹಲ್ಲುಜ್ಜುವಾಗ, ಯಾಕೆ ಹೋಗಬಾರದು ಅನ್ನಿಸ್ತು. ಬಂದೆ.”

“ಹೋಗಲ್ಲ ಅಂತ ಯಾರಿಗೆಲ್ಲ ಹೇಳಿದ್ದೆ?”

“ಸಿಕ್ಕಿದವರಿಗೆಲ್ಲ. ಹೇಳ್ತಾ ಹೇಳ್ತಾ ಆದ್ರೂ ಧೈರ್ಯ ಬರುತ್ತೆ ಅಂತ.”

ಇನ್ಸ್‌ಪೆಕ್ಟರ್ ಅವಳನ್ನೇ ನೋಡಿದರು. ದುಡ್ಡು ಕೊಟ್ಟು ಬೇರೆಯವರನ್ನು ಕಳಿಸಿದವಳು ಮಾರನೇ ದಿನ ತಾನೇ ಬಂದು ಸಿಕ್ಕಿಬೀಳುವುದುಂಟೇ? ಹಾಗೆಂದು ಈ ಹುಡುಗಿಯ ಮನಸ್ಸನ್ನು ನೆಚ್ಚುವ ಹಾಗೂ ಇರಲಿಲ್ಲ. ಅದು ಗಂಟೆಗೊಂದು ಕಡೆ ತಿರುಗುತ್ತಿತ್ತು.

*

ಹುಡುಗಿಯ ಕಾಲೇಜಿನ ಫೈನಾನ್ಸ್ ಮೇಷ್ಟ್ರ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನೆಲ, ಕಿಟಕಿ, ಕುರ್ಚಿ, ಎಲ್ಲೆಲ್ಲೂ ನೋಟ್ಸಿನ ಕಟ್ಟುಗಳು.

“ಇದನ್ನ ಓದಿದೋರು ಕೊನೆಗೆ ಏನಾಗ್ತಾರೆ ಮೇಷ್ಟ್ರೇ? ನಾನು ಇತಿಹಾಸ ಓದಿ ಪೊಲೀಸ್ ಆದವನು. ಸ್ವಲ್ಪ ಬಿಡಿಸಿ ಹೇಳಿ.”

ಮೇಷ್ಟ್ರು ಉತ್ಸಾಹದಿಂದ ಎದ್ದು ಬೋರ್ಡಿನ ಮೇಲೆ ಮರ ಬರೆದರು. ಒಂದು ಕೊಂಬೆ ಬ್ಯಾಂಕು, ಒಂದು ವಿಮೆ, ಒಂದು ತೆರಿಗೆ, ಒಂದು ಷೇರುಪೇಟೆ, ಒಂದು ಕಂಪನಿಗಳ ಬೆಲೆ ಕಟ್ಟುವ ಕೆಲಸ. ಕೊಂಬೆಗೆ ಕೊಂಬೆ ಕವಲೊಡೆದು ಬೋರ್ಡು ತುಂಬಿತು. ಇನ್ಸ್‌ಪೆಕ್ಟರಿಗೆ ಮೊದಲಿದ್ದ ಅಷ್ಟಿಷ್ಟು ತಿಳಿವಳಿಕೆಯೂ ಹೋಯಿತು.

“ಇರಲಿ. ಇದನ್ನ ಓದಿ.” ಇಂಟರ್‌ವ್ಯೂನಲ್ಲಿ ಮುಖ್ಯಸ್ಥೆ ಬರೆದುಕೊಂಡಿದ್ದ ಉತ್ತರಗಳನ್ನು ಇನ್ಸ್‌ಪೆಕ್ಟರ್ ಮುಂದೆ ಚಾಚಿದರು.

ಮೊದಲನೆಯ ಹಾಳೆಯಲ್ಲೇ ಮೇಷ್ಟ್ರ ಹುಬ್ಬು ಮೇಲೇರಿತು.

“ಸಿಹಿ ಅಂಗಡಿ, ಹಲ್ಲಿನ ಆಸ್ಪತ್ರೆ! ಇದು ನನ್ನ ಉದಾಹರಣೆ. ಒಬ್ಬನೇ ಮಾಲೀಕ ಎರಡನ್ನೂ ಅಕ್ಕಪಕ್ಕ ಹಾಕಿದ್ರೆ ಅಪಾಯ ಹಂಚಿದ ಹಾಗಾಗುತ್ತಾ ಅಂತ. ಆದ್ರೆ ಈ ಬ್ಯಾಚಿಗೆ ನಾನಿದನ್ನ ಹೇಳೇ ಇಲ್ಲ.”

“ಮತ್ತೆ ಯಾರಿಗೆ ಹೇಳಿದ್ರಿ?”

“ಐದು ವರ್ಷದ ಹಿಂದಿನವರಿಗೆ, ಒಂದೇ ಸಲ. ಒಬ್ಬ ಹುಡುಗನ ಅಪ್ಪ ಹಲ್ಲಿನ ಡಾಕ್ಟರು. ಬಂದು ಜಗಳಾನೇ ಆಡಿದರು. ಕೈಬಿಟ್ಟೆ.”

ಇನ್ಸ್‌ಪೆಕ್ಟರಿಗೆ ದಾರಿ ಕಂಡಂತಾಯಿತು. ಹಳೆಯ ವಿದ್ಯಾರ್ಥಿನಿ! ಆ ಬ್ಯಾಚಿನಲ್ಲಿ ಹನ್ನೊಂದು ಹುಡುಗಿಯರು. ಗುರುವಾರವಿಡೀ ಅವರನ್ನು ಹುಡುಕುವುದರಲ್ಲೇ ಕಳೆಯಿತು. ಒಬ್ಬಳು ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡುತ್ತಿದ್ದಳು. ಮೂವರು ತೆರಿಗೆ ಕಚೇರಿಯಲ್ಲಿದ್ದರು. ಒಬ್ಬಳು ಫ್ಲ್ಯಾಟ್ ಮಾರುತ್ತಿದ್ದಳು, ಇನ್ಸ್‌ಪೆಕ್ಟರಿಗೂ ಒಂದನ್ನು ಮಾರಲು ನೋಡಿದಳು. ಇಬ್ಬರು ಶಾಲಾ ಟೀಚರು, ಮೂವರು ವಿದೇಶದಲ್ಲಿ. ಹನ್ನೊಂದನೆಯವಳಿಗೆ ಮಂಗಳವಾರ ಹನ್ನೊಂದು ಗಂಟೆಗೆ ಸರಿಯಾಗಿ ಹೆರಿಗೆಯಾಗಿತ್ತು.

ಒಬ್ಬಳೂ ಅಲ್ಲಿಗೆ ಹೋಗಿರಲಿಲ್ಲ.

*

ಶುಕ್ರವಾರ ಬೆಳಿಗ್ಗೆ ಇನ್ಸ್‌ಪೆಕ್ಟರ್ ಮತ್ತೆ ಮೇಷ್ಟ್ರ ಮುಂದೆ ಕೂತರು. ಮುಖ ಸಪ್ಪಗಾಗಿತ್ತು. ಸಾಯಂಕಾಲಕ್ಕೆ ಆ ಹುಡುಗಿಯ ಹೆಸರು ಹೋಗಿಬಿಡುತ್ತದೆ.

“ಉಳಿದ ಉತ್ತರಗಳನ್ನೂ ಓದಿ.”

“ಈ ಲಿಫ್ಟ್ ರಿಪೇರಿ ಕಂಪನಿ ವಿಷಯ,” ಎಂದರು ಮೇಷ್ಟ್ರು, “ಎರಡು ವರ್ಷದ ಹಿಂದೆ ಒಬ್ಬ ಹುಡುಗ ಮಾಡಿದ ಪ್ರಾಜೆಕ್ಟು. ಎಲ್ಲೂ ಅಚ್ಚಾಗಿಲ್ಲ. ಇನ್ನು ಇದು, ಯಾವುದೇ ಕಂಪನಿ ಲೆಕ್ಕ ನೋಡುವಾಗ ಕೇಳಬೇಕಾದ ಮೂರು ಪ್ರಶ್ನೆ... ನಮ್ಮ ಹಿರಿಯ ಮೇಷ್ಟ್ರದು. ಅವರು ರಿಟೈರಾಗಿ ಆರು ವರ್ಷ ಆಯ್ತು.”

“ಅಂದ್ರೆ ಆರು ವರ್ಷದ ಹಿಂದಿನ ಪಾಠ, ಐದು ವರ್ಷದ ಹಿಂದಿನ ಪಾಠ, ಎರಡು ವರ್ಷದ ಹಿಂದಿನ ಪ್ರಾಜೆಕ್ಟು. ಒಬ್ಬಳೇ ಹುಡುಗಿ ಇಷ್ಟು ಬ್ಯಾಚಲ್ಲಿ ಓದೋಕಾಗುತ್ತಾ?”

“ಫೇಲಾಗ್ತಾ ಹೋದ್ರೆ...”

“ಹಾಗೆ ಫೇಲಾಗೋಳು ಅಲ್ಲಿ ಹೋಗಿ ಫಸ್ಟ್ ಬರ್ತಾಳಾ ಮೇಷ್ಟ್ರೇ?”

ಇನ್ಸ್‌ಪೆಕ್ಟರ್ ಗುರುತಿನ ಚೀಟಿಯ ಹಾಳೆಯನ್ನು ನೂರನೆಯ ಸಲ ಎಂಬಂತೆ ನೋಡಿದರು. ಕಪ್ಪು ಮುಖ. ಮುಖದ ಪಕ್ಕದಲ್ಲಿ ಮೇಲಿಂದ ಕೆಳಗೆ ಕೂದಲೆಳೆಯಂಥ ಒಂದು ಓರೆ ಗೆರೆ. ಕಣ್ಣೆತ್ತಿದರೆ, ಮೇಜಿನ ಮೇಲಿದ್ದ ನೋಟ್ಸಿನಲ್ಲೂ ಅದೇ ಗೆರೆ. ಕಿಟಕಿಯ ಮೇಲಿನ ಕಟ್ಟಿನಲ್ಲೂ.

“ಇದೇನು ಗೆರೆ?”

“ಅದಾ? ಗೇಟಿನ ಎದುರಿರೋ ಜೆರಾಕ್ಸ್ ಅಂಗಡಿ ಮೆಷಿನ್ನು. ಗಾಜಿನ ಮೇಲೆ ಗೀರು ಬಿದ್ದಿದೆ. ನಮ್ಮ ಡಿಪಾರ್ಟ್‌ಮೆಂಟಿನ ಎಲ್ಲಾ ಕಾಪಿನೂ ಅಲ್ಲೇ.”

“ಎಲ್ಲಾ ಬ್ಯಾಚಿನದೂ?”

“ಎಲ್ಲಾ ಬ್ಯಾಚಿನದೂ. ಪ್ರಾಜೆಕ್ಟ್ ಬೈಂಡಿಂಗೂ ಅಲ್ಲೇ...”

ಮೇಷ್ಟ್ರ ಮಾತು ಮುಗಿಯುವಷ್ಟರಲ್ಲಿ ಇನ್ಸ್‌ಪೆಕ್ಟರ್ ಬಾಗಿಲಲ್ಲಿದ್ದರು.

*

ಅಂಗಡಿ ಎಂದರೆ ಎರಡು ಮಾರು ಅಗಲದ ಗೂಡು. ಬಿಸಿ ಕಾಗದದ ವಾಸನೆ, ಗೋಂದಿನ ವಾಸನೆ. ಮುಂದೆ ಮುದುಕರೊಬ್ಬರು ಚಿಲ್ಲರೆ ಕೊಡುತ್ತಿದ್ದರು. ಹಿಂದೆ ಇಪ್ಪತ್ತೈದರ ಆಸುಪಾಸಿನ ಯುವತಿ ಮೆಷಿನ್ನಿಗೆ ಹಾಳೆ ಹಾಕುತ್ತಿದ್ದಳು.

“ಜೆರಾಕ್ಸ್ ಅಕ್ಕಾ, ಎರಡೂ ಸೈಡು!” ಎಂದು ಹುಡುಗರು ಕೂಗುತ್ತಿದ್ದರು.

ಇನ್ಸ್‌ಪೆಕ್ಟರ್ ಅವರು ಹೋಗುವ ತನಕ ಕಾದರು. ಆಮೇಲೆ ಅವಳ ಬೆನ್ನಿಗೆ ಕೇಳಿದರು: “ಸಿಹಿ ಅಂಗಡಿ ಪಕ್ಕ ಹಲ್ಲಿನ ಆಸ್ಪತ್ರೆ ಹಾಕಿದ್ರೆ ಅಪಾಯ ಹಂಚಿದ ಹಾಗಾಗುತ್ತೇನಮ್ಮ?”

“ಎಲ್ಲಾಗುತ್ತೆ ಸರ್? ಎರಡೂ ಒಟ್ಟಿಗೆ ಏರುತ್ತೆ, ಒಟ್ಟಿಗೆ ಬೀಳು...”

ಕೈ ನಿಂತಿತು. ಮೆಲ್ಲಗೆ ತಿರುಗಿದಳು. ಖಾಕಿ ನೋಡಿದಳು.

“ಆರು ವರ್ಷದ ಪಾಠಗಳನ್ನೆಲ್ಲಾ ಓದಿರೋ ವಿದ್ಯಾರ್ಥಿ ಆ ಕಾಲೇಜಲ್ಲಿ ಒಬ್ಬರೂ ಇಲ್ಲ,” ಎಂದರು ಇನ್ಸ್‌ಪೆಕ್ಟರ್. “ಅವನ್ನೆಲ್ಲಾ ಕೈಯಲ್ಲಿ ಹಿಡಿದವಳು ನೀನೊಬ್ಬಳೇ. ಆ ಹುಡುಗಿ ಪತ್ರ, ಗುರುತಿನ ಚೀಟಿ, ಎರಡೂ ಕಾಪಿಗೆ ಬಂದದ್ದು ಇಲ್ಲಿಗೇ. ಹೋಗಲ್ಲ ಅಂತ ಸಿಕ್ಕಿದವರಿಗೆಲ್ಲ ಹೇಳಿದಾಳಂತೆ. ನಿನಗೂ ಹೇಳಿರಬೇಕು. ಬರದೇ ಇರೋಳ ಜಾಗದಲ್ಲಿ ಕೂತರೆ ಯಾರಿಗೂ ಗೊತ್ತಾಗಲ್ಲ ಅಂದುಕೊಂಡೆ. ಸರೀನಾ?”

“ಇಲ್ಲೇ ನಿಂತು, ಕಾಪಿ ತೆಗೆಸ್ತಾನೇ ಮೂರು ಸಲ ಹೇಳಿದ್ಲು ಸರ್, ಹೋಗಲ್ಲ ಅಂತ.” ದನಿ ತಗ್ಗಿತ್ತು. “ಅವಳ ಚೀಟಿ ಮೊದಲನೇ ಸಲ ಕಪ್ಪಾಗಿ ಬಂತು. ಅವಳಿಗೆ ಬೇರೆ ತೆಗೆದುಕೊಟ್ಟೆ. ಕೆಟ್ಟದ್ದು ನನ್ನ ಹತ್ರ ಉಳೀತು. ಪತ್ರದ್ದೂ ಒಂದು ಹೆಚ್ಚಿಗೆ ತೆಗೆದಿಟ್ಟುಕೊಂಡೆ.”

ಮುದುಕರು ಎದ್ದು ನಿಂತಿದ್ದರು. “ಏನೇ ಇದು? ಮಂಗಳವಾರ ಕಣ್ಣಿನ ಡಾಕ್ಟರ ಹತ್ರ ಹೋಗಿದ್ದೆ ಅಂದ್ಯಲ್ಲೇ!”

“ಸುಳ್ಳು ಹೇಳಿದೆ ಚಿಕ್ಕಪ್ಪ.”

“ಕೆಲಸಕ್ಕೆ ಸೇರೋಕಾಗಲ್ಲ, ಹೆಸರು ಬೇರೆಯವರದ್ದು,” ಎಂದರು ಇನ್ಸ್‌ಪೆಕ್ಟರ್. “ಮತ್ತೆ ಯಾಕಮ್ಮ ಹೋದೆ?”

“ಹನ್ನೆರಡನೇ ಕ್ಲಾಸ್ ಮುಗಿಸಿ ಈ ಮೆಷಿನ್ ಮುಂದೆ ನಿಂತವಳು. ಕಾಪಿ ತೆಗೀತಾ ಓದ್ತಿದ್ದೆ. ಒಂದು ವರ್ಷ ಅರ್ಥ ಆಗ್ಲಿಲ್ಲ. ಆಮೇಲೆ ಆಯ್ತು. ಹುಡುಗರು ನೋಟ್ಸಿನ ಪುಟ ತಪ್ಪಾಗಿ ಜೋಡಿಸಿ ತಂದ್ರೆ ನಾನೇ ಸರಿಮಾಡಿ ಕೊಡ್ತಿದ್ದೆ. ನನಗೆ ಬರುತ್ತೋ, ಬರುತ್ತೆ ಅಂತ ನಾನೇ ಅಂದುಕೊಂಡಿದೀನೋ, ಯಾರನ್ನ ಕೇಳೋದು ಸರ್? ಅವರು ಕರೆದ್ರೆ ಬೇಡ ಅಂತ ಫೋನ್ ಮಾಡಿಬಿಡೋಣ ಅಂದುಕೊಂಡಿದ್ದೆ.”

“ಆ ಹುಡುಗಿ ಬುಧವಾರ ಹೋದಳು. ಅವಳೇ ನಿನ್ನನ್ನ ಕಳಿಸಿದಾಳೆ ಅಂತ ಇವತ್ತು ಸಾಯಂಕಾಲ ಅವಳ ಹೆಸರನ್ನ ಎಲ್ಲಾ ಕಂಪನಿಗೂ ಕಳಿಸ್ತಾರೆ.”

ಅವಳು ಮೆಷಿನ್ನಿನ ಸ್ವಿಚ್ಚು ಆರಿಸಿದಳು. “ನಡೀರಿ ಸರ್. ಈಗಲೇ ಬರ್ತೀನಿ.”

*

ಮುಖ್ಯಸ್ಥೆ ನೋಡಿದ ಕೂಡಲೇ ಗುರುತು ಹಿಡಿದರು. ಅವಳು ನಡೆದದ್ದನ್ನು ಒಂದೂ ಬಿಡದೆ ಹೇಳಿ, ತಪ್ಪೊಪ್ಪಿಗೆ ಬರೆದುಕೊಟ್ಟಳು. ಹುಡುಗಿಯನ್ನೂ ಕರೆಸಿದ್ದರು.

“ನಿಮ್ಮನ್ನ ನಂಬಿ ಕೊಟ್ಟಿದ್ದೆ ಅಕ್ಕ,” ಎಂದಳು ಹುಡುಗಿ. “ಮೂರು ದಿನ ನಮ್ಮನೇಲಿ ಯಾರೂ ಸರಿಯಾಗಿ ಊಟ ಮಾಡಿಲ್ಲ. ಅಪ್ಪ ನನ್ನ ಜೊತೆ ಮಾತೇ ಬಿಟ್ಟಿದಾರೆ.”

ಜೆರಾಕ್ಸ್ ಅಕ್ಕನಿಗೆ ತಲೆ ಎತ್ತಲಾಗಲಿಲ್ಲ. “ನಾನೇ ಬಂದು ನಿಮ್ಮಪ್ಪನಿಗೆ ಹೇಳ್ತೀನಿ,” ಎಂದಳು.

ಮುಖ್ಯಸ್ಥೆಗೆ ಸಿಟ್ಟು ಮಾಡುವುದೋ ಬೇಡವೋ ತಿಳಿಯಲಿಲ್ಲ. “ನೀನು ಮಾಡಿದ್ದು ಅಪರಾಧ. ಡಿಗ್ರಿ ಇಲ್ಲದೆ ನಿನ್ನನ್ನ ತಗೊಳ್ಳೋಕೂ ಬರಲ್ಲ. ಆದ್ರೆ ನಲವತ್ತೆರಡು ಜನರಲ್ಲಿ... ಛೆ!” ದೂರನ್ನು ವಾಪಸು ಪಡೆದರು. ಹುಡುಗಿಗೆ ಅಲ್ಲೇ ಇಂಟರ್‌ವ್ಯೂ ಆಯಿತು. ಅವಳು ಆಯ್ಕೆಯಾಗಲಿಲ್ಲ. ಹೊರಗೆ ಬಂದವಳ ಮುಖದಲ್ಲಿ ಬೇಸರವಿತ್ತೋ ನಿರಾಳವಿತ್ತೋ, ಇನ್ಸ್‌ಪೆಕ್ಟರಿಗೆ ಹೇಳಲಾಗಲಿಲ್ಲ.

ಮೆಟ್ಟಿಲಿಳಿಯುವಾಗ ಜೆರಾಕ್ಸ್ ಅಕ್ಕ ಕೇಳಿದಳು: “ನಲವತ್ತೆರಡು ಜನರಲ್ಲಿ ಎಷ್ಟನೆಯವಳು ಸರ್ ನಾನು?”

“ಮೊದಲನೆಯವಳು.”

ಅವಳು ಮೆಟ್ಟಿಲ ಕಂಬಿ ಹಿಡಿದುಕೊಂಡು ಅಲ್ಲೇ ಕೂತಳು. ಇನ್ಸ್‌ಪೆಕ್ಟರ್ ನಾಲ್ಕು ಮೆಟ್ಟಿಲು ಕೆಳಗೆ ನಿಂತು, ರಸ್ತೆ ನೋಡುತ್ತಾ ಕಾದರು.

*

ಎರಡು ತಿಂಗಳಾದ ಮೇಲೆ ಜೆರಾಕ್ಸ್ ಅಕ್ಕ ಠಾಣೆಗೆ ಬಂದಳು. ಕೈಯಲ್ಲಿ ಅಂಚೆ ಮೂಲಕ ಓದುವ ಪದವಿಯ ಅರ್ಜಿ. ವಿಷಯ, ಫೈನಾನ್ಸ್.

“ನಡತೆ ಪ್ರಮಾಣಪತ್ರಕ್ಕೆ ಅಧಿಕಾರಿಯೊಬ್ಬರ ಸಹಿ ಬೇಕು ಸರ್.”

“ನಾನೇ ಸಿಕ್ಕಿದ್ನೇನಮ್ಮ?”

“ನನ್ನ ನಡತೆ ವಿಚಾರಣೆ ಮಾಡಿ ತಿಳ್ಕೊಂಡಿರೋ ಅಧಿಕಾರಿ ನೀವೊಬ್ಬರೇ ಅಲ್ವಾ?”

ಇನ್ಸ್‌ಪೆಕ್ಟರ್ ಪೆನ್ನು ತೆಗೆದರು. ‘ನಡತೆ’ ಎಂಬ ಖಾಲಿ ಜಾಗದ ಮುಂದೆ ಬಹಳ ಹೊತ್ತು ಯೋಚಿಸಿದರು. ‘ತೃಪ್ತಿಕರ’ ಎಂದು ಬರೆದರು. ನೋಡಿದರು. ಹೊಡೆದುಹಾಕಿ ‘ಉತ್ತಮ’ ಎಂದು ಬರೆದು, ಕೆಳಗೆ ಸಹಿ ಮಾಡಿ ಕೊಟ್ಟರು.

ಅವಳು ಹಾಳೆಯನ್ನು ತೆಗೆದುಕೊಳ್ಳಲಿಲ್ಲ. “ತಿದ್ದಿದ ಕಡೆ ಇನ್ನೊಂದು ಸಹಿ ಬೇಕು ಸರ್. ಇಲ್ಲಾಂದ್ರೆ ಅರ್ಜಿ ವಾಪಸ್ ಬರುತ್ತೆ.”

ಇನ್ಸ್‌ಪೆಕ್ಟರ್ ಅಲ್ಲೂ ಸಹಿ ಮಾಡಿದರು.