ಹನ್ನೊಂದು ನಂಬರು ನಾಪತ್ತೆ

ಅವನ ಮೇಲೆ ನನಗೆ ಅನುಮಾನ ಹುಟ್ಟಿದ್ದು ಸೋಮವಾರ ಬೆಳಿಗ್ಗೆ. ಅದಕ್ಕೂ ಮೊದಲೇ ಬೇರೇನೋ ಹುಟ್ಟಿತ್ತು, ಆ ವಿಷಯ ಬಿಡಿ.

ನಮ್ಮ ಲ್ಯಾಬಿಗೆ ಬರುವ ಪ್ರತಿ ರಕ್ತದ ಸ್ಯಾಂಪಲ್ಲನ್ನೂ ಕಂಪ್ಯೂಟರಿಗೆ ಹತ್ತಿಸುವವಳು ನಾನು. ನಂಬರು ನಾವು ಕೊಡುವುದಿಲ್ಲ. ಎಂಟ್ರಿಗಳೆಲ್ಲ ಕೂರುವ ಕಂಪ್ಯೂಟರಿನ ಪಟ್ಟಿ, ಅಂದರೆ ಟೇಬಲ್ಲು, ಒಂದಾದ ಮೇಲೊಂದು ತಾನೇ ಕೊಟ್ಟುಕೊಳ್ಳುತ್ತದೆ. ಆ ಟೇಬಲ್ ಮಾಡಿದವನು ಅವನೇ, ನಾಲ್ಕು ತಿಂಗಳ ಹಿಂದೆ ಬಂದ ಡೇಟಾಬೇಸಿನವನು. ಸೋಮವಾರ ನೋಡಿದರೆ 4116 ಆದಮೇಲೆ 4118, 4130 ಆದಮೇಲೆ 4132. ಒಟ್ಟು ಹನ್ನೊಂದು ನಂಬರು ಇಲ್ಲ!

ಲ್ಯಾಬಿನ ಒಡತಿ ಡಾಕ್ಟರಮ್ಮ ಕಡ್ಡಿ ಮುರಿದಂತೆ ಹೇಳಿದರು: "ಹನ್ನೊಂದು ಜನರ ರಕ್ತ ಎಲ್ಲಿ ಹೋಯ್ತು? ಸಂಜೆಯೊಳಗೆ ಹೇಳಿ. ಇಲ್ಲಾಂದ್ರೆ ನಾಳೆಯಿಂದ ಕೆಲಸಕ್ಕೆ ಬರಬೇಡಿ."

ನೇರ ಅವನ ಬಳಿ ಹೋದೆ. "ಯಾರೋ ಎಂಟ್ರಿ ಅಳಿಸ್ತಿದ್ದಾರೆ," ಎಂದೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಳಿಸಿದ್ದು ಯಾರೆಂದು ನಾನು ಹೇಳಿಯೇ ಇರಲಿಲ್ಲ, ಇವನ ಕಿವಿ ಕೆಂಪಾಯಿತು. ಆ ಕಿವಿ ನನಗೆ ಇಷ್ಟ, ಅದೇ ಕರ್ಮ.

"ಅಳಿಸಿಲ್ಲ ರೀ. ಎಂಟ್ರಿ ಶುರು ಮಾಡಿದ ಕೂಡ್ಲೇ ನಂಬರ್ ಬಂದ್ಬಿಡುತ್ತೆ. ಆಮೇಲೆ ಕ್ಯಾನ್ಸಲ್ ಮಾಡಿದ್ರೂ ಆ ನಂಬರ್ ಬೇರೆಯವರಿಗೆ ಸಿಗಲ್ಲ."

"ನನ್ನ ಕಿವಿಗೆ ಹೂ ಇಡಬೇಡಿ. ನಾನು ಒಂದೂ ಕ್ಯಾನ್ಸಲ್ ಮಾಡಿಲ್ಲ. ಮತ್ಯಾರು ಮಾಡಿದ್ದು?"

ಅವನು ಕೀಬೋರ್ಡ್ ನೋಡುತ್ತ ಕೂತ. ಊಟದ ಹೊತ್ತಿನಲ್ಲಿ ನಾನು ತಲೆ ಎತ್ತಿದಾಗಲೂ ಹೀಗೇ ನೋಟ ತಪ್ಪಿಸುತ್ತಾನೆ. ಆಗೆಲ್ಲ ಮುದ್ದೆನಿಸುತ್ತಿತ್ತು. ಈಗ ಅಪ್ಪಟ ಕಳ್ಳನಂತೆ ಕಂಡ.

"ಹೇಳಿದ್ರೆ ನೀವು ನನ್ ಹತ್ರ ಮಾತೇ ಆಡಲ್ಲ."

"ಹೇಳ್ದಿದ್ರೆ ನನ್ನ ಕೆಲಸ ಹೋಗುತ್ತೆ!"

ಅವನು ಎದ್ದು ಸೀದಾ ಡಾಕ್ಟರಮ್ಮನ ಕೋಣೆಗೆ ನಡೆದ. ನನ್ನ ಮೇಲೇ ಚಾಡಿ ಹೇಳುತ್ತಾನೋ ಏನೋ ಎಂದು ಹಿಂದೆಯೇ ಓಡಿದೆ.

"ಸ್ಯಾಂಪಲ್ ಯಾವುದೂ ಕಳೆದಿಲ್ಲ ಮೇಡಂ. ಹನ್ನೊಂದೂ ನನ್ನ ಕಂಪ್ಯೂಟರಿಂದ ಶುರು ಮಾಡಿ ಕ್ಯಾನ್ಸಲ್ ಮಾಡಿದ್ದು, ಯಾರು ಯಾವಾಗ ಏನು ಮಾಡಿದ್ರು ಅಂತ ಲಾಗಲ್ಲಿದೆ ನೋಡಿ. ಷರಾ ಕಾಲಂ ಇವರೊಬ್ರೇ ಓದೋದು. ಅದರಲ್ಲಿ ಇವರಿಗೊಂದು ಮಾತು ಬರೀತಿದ್ದೆ. ಸೇವ್ ಮಾಡೋ ಧೈರ್ಯ ಬರ್ಲಿಲ್ಲ."

"ಹನ್ನೊಂದು ಸಲಾನಾ?" ಡಾಕ್ಟರಮ್ಮ ಲಾಗನ್ನು ಎರಡು ಸಲ ಓದಿದರು. "ಇವರದೇನೂ ತಪ್ಪಿಲ್ಲ. ನೀವು ಇನ್ನೊಂದ್ಸಲ ರೋಗಿಗಳ ಟೇಬಲ್ಲಲ್ಲಿ ಆಟ ಆಡಿದ್ರೆ ಮನೆಗೆ ಹೋಗ್ತೀರಿ. ಈಗ ಇಬ್ರೂ ಹೊರಗೆ ಹೋಗಿ."

ಹೊರಗೆ ಬಂದದ್ದೇ ನನಗೆ ಮೈಯೆಲ್ಲ ಉರಿ. "ಬಾಯಿಗೆ ಬೀಗ ಹಾಕ್ಕೊಂಡಿದ್ರಾ? ದಿನಾ ಎದುರೇ ಕೂತಿರ್ತೀನಲ್ಲ!"

"ನೀವು ಬೇಡ ಅಂದ್ಬಿಟ್ರೆ?"

"ಏನು ಬರೆದಿದ್ದು, ಮೊದಲು ಅದನ್ನ ಹೇಳಿ."

"ನಿಮ್ಮನ್ನ ಕಂಡ್ರೆ ನನಗೆ ತುಂಬಾ ಇಷ್ಟ. ಮದುವೆ ಆಗ್ತೀರಾ?"

"ಹನ್ನೊಂದು ಸಲವೂ ಇದನ್ನೇನಾ?" ನನ್ನ ಅನುಮಾನ ಸುಲಭಕ್ಕೆ ಹೋಗುವಂಥದ್ದಲ್ಲ.

"ಇಲ್ಲ... ಮೊದಲ ನಾಲ್ಕು ಸಲ 'ಟೀ ಕುಡೀತೀರಾ' ಅಂತ."

ನಗು ತಡೆಯಲಾಗಲಿಲ್ಲ. "ಹಾಗಾದ್ರೆ ಟೀ ಕುಡೀತೀನಿ. ಮದುವೆ ಆಗೋವಷ್ಟು ನಿಮ್ಮನ್ನ ಇನ್ನೂ ನಂಬಿಲ್ಲ ನಾನು."

ಶುದ್ಧ ಸುಳ್ಳು. ನನ್ನ ಕೆಲಸ ಉಳಿಸಲು ಅವನು ಆ ಕೋಣೆಯಲ್ಲಿ ಮಾನ ಬಿಟ್ಟು ನಿಂತಾಗಲೇ ನಂಬಿಬಿಟ್ಟಿದ್ದೆ. ಆದರೂ ಎರಡು ದಿನ ಒದ್ದಾಡಲಿ ಎಂದು ಸುಮ್ಮನಾದೆ.