ಹದ ತಪ್ಪಿದ ದನಿ

“ಆ ವಿಷಯ ಮತ್ತೆ ಎತ್ತಬೇಡ.”

ದಾವಣಗೆರೆಯ ಮನೆಯಲ್ಲಿ ಕೂತಿದ್ದ ಸಿಂಚನಾಳ ಕಿವಿಗೆ ಗಂಡನ ಮಾತು ಮೆತ್ತಗೆ ಬಂದು ತಾಕಿತು. ಚಿತ್ರದುರ್ಗದ ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ಚಿರಂತ್ ಅದನ್ನು ಕಿರುಚಿ ಹೇಳಿದನೋ, ನಗುತ್ತ ಹೇಳಿದನೋ ತಿಳಿಯುವಂತಿರಲಿಲ್ಲ. ನಡುವೆ ‘ಹದ’ ಇತ್ತು.

ದಂಪತಿಗಳ ಆನ್‌ಲೈನ್ ಆಪ್ತಸಮಾಲೋಚನೆಗೆಂದೇ ಹುಬ್ಬಳ್ಳಿಯ ಡಾ. ಫರ್ಹಾನಾ ನದಾಫ್ ಕಂಡುಹಿಡಿದ ಸಾಧನ ಅದು. ಸಿಟ್ಟು ಬಂದಾಗ ಗಂಟಲಿನ ತಂತುಗಳು ಬಿಗಿದು ದನಿ ನಡುಗುತ್ತದೆ. ಹದ ಆ ನಡುಕವನ್ನು ಕ್ಷಣಮಾತ್ರದಲ್ಲಿ ಅಳಿಸಿ, ಮಾತನ್ನಷ್ಟೇ ದಾಟಿಸುತ್ತಿತ್ತು. ಮುಖ ಕಂಡರೆ ಜಗಳ ಕೆರಳುತ್ತದೆಂದು ಚಿತ್ರವನ್ನೂ ತೆಗೆದುಹಾಕಿದ್ದರು. ಅದರಿಂದ ಎಷ್ಟೋ ಸಂಸಾರಗಳು ಉಳಿದಿದ್ದವು.

ಸಿಂಚನಾಳದು ಉಳಿಯುವಂತಿರಲಿಲ್ಲ. ಹುಟ್ಟಿದ ದಿನವೇ ಮಗು ತೀರಿಕೊಂಡ ಮೇಲೆ ಚಿರಂತ್ ಗುಡ್ಡ ಸೇರಿದ್ದ. ಈ ಭೇಟಿಗಳಲ್ಲೂ ಮಗುವಿನ ಮಾತನ್ನು ಹವಾಮಾನ ವರದಿ ಓದಿದಂತೆ ಆಡುತ್ತಿದ್ದ. ಇವನಿಗೆ ದುಃಖವೇ ಆಗಿಲ್ಲ ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು.

“ಮೇಡಂ, ಇದೇ ಕೊನೆ. ಬಿಡೋದಾದ್ರೂ ಇವನ ದನಿ ಕೇಳಿ ಬಿಡ್ತೀನಿ. ಹದ ತೆಗೀರಿ.”

“ಮೊದಲ ದಿನ ಅದಿಲ್ಲದೆ ಇಬ್ಬರೂ ಬೈದಾಡಿ ಲೈನ್ ಕಟ್ ಮಾಡಿದ್ರಿ, ನೆನಪಿದೆಯಾ?” ಎಂದರು ಫರ್ಹಾನಾ.

“ಬೈದರೆ ಬೈಸ್ಕೋತೀನಿ. ತೆಗೀರಿ.”

“ಬೇಡ,” ಎಂದ ಚಿರಂತ್, ಅದೇ ಸಪಾಟು ದನಿಯಲ್ಲಿ.

“ಯಾಕೋ ಬೇಡ? ನನಗೂ ಗೊತ್ತಾಗಲಿ!”

“ಆಯ್ತು, ತೆಗೀರಿ,” ಎಂದ ಅವನು.

ಫರ್ಹಾನಾ ಹದವನ್ನು ನಿಲ್ಲಿಸಿದರು. ಮೊದಲು ಬರೀ ಗಾಳಿ ಕೇಳಿಸಿತು. ಆಮೇಲೆ ಒಡೆದ ಗಂಟಲೊಂದು:

“ಹೆರಿಗೆ ಆದಾಗ ನಿನಗೆ ಪ್ರಜ್ಞೆ ಇರಲಿಲ್ಲ ಕಣೇ. ಅವಳನ್ನ ನಾನೇ ಎತ್ಕೊಂಡಿದ್ದೆ. ಮೈ ಇನ್ನೂ ಬೆಚ್ಚಗಿತ್ತು. ಅವಳು ಹೇಗಿದ್ದಳು ಅಂತ ನೀನು ಒಂದು ಸಲನಾದ್ರೂ ಕೇಳಿದ್ಯಾ?”

“ಕೇಳೋಕೆ ನೀನೆಲ್ಲಿದ್ದೆ? ಓಡಿಹೋದೆಯಲ್ಲ!” ಸಿಂಚನಾ ಕೂಗಿದಳು. ಅವನೂ ಕೂಗಿದ. ಫರ್ಹಾನಾರ ಕೈ ಹದದ ಗುಂಡಿಯತ್ತ ಹೋಯಿತು, ಆದರೆ ಒತ್ತಲಿಲ್ಲ. ಕೂಗುತ್ತ ಕೂಗುತ್ತಲೇ ಇಬ್ಬರೂ ಅಳುತ್ತಿದ್ದರು.

ಕೊನೆಗೆ ಸಿಂಚನಾ ಮೂಗೊರೆಸಿಕೊಂಡು ಕೇಳಿದಳು: “ಹೇಗಿದ್ದಳು?”

“ನಿನ್ನ ಥರಾನೇ ಹಣೆ.”

“ಅಲ್ಲೇ ಇರು. ಈಗಲೇ ಬಸ್ ಹತ್ತುತ್ತೀನಿ. ಜಗಳ ಇನ್ನೂ ಮುಗಿದಿಲ್ಲ.”

ಹಿಂದಿನ ಭೇಟಿಗಳ ಮೂಲ ದನಿಯ ಮುದ್ರಣವನ್ನು ಫರ್ಹಾನಾ ಆಮೇಲೆ ಕೇಳಿ ನೋಡಿದರು. ಮಗುವಿನ ಮಾತು ಬಂದಾಗಲೆಲ್ಲ ಚಿರಂತ್‌ನ ದನಿ ನಡುಗಿತ್ತು. ಹದಕ್ಕೆ ಸಿಟ್ಟಿನ ನಡುಕವೂ ಅಳುವಿನ ನಡುಕವೂ ಒಂದೇ ಆಗಿದ್ದವು. ಎರಡನ್ನೂ ಅದು ಒರೆಸಿಹಾಕಿತ್ತು. ಅವರು ಹದ ಬಳಸುವುದನ್ನೇ ಬಿಟ್ಟರು. ಅದನ್ನು ತಯಾರಿಸುತ್ತಿದ್ದ ಕಂಪನಿ ಮುನಿಸಿಕೊಂಡಿತು. ಕೆಲವು ದಂಪತಿಗಳು ಜಗಳವಾಡಿ ಬೇರೆಯಾದದ್ದೂ ಉಂಟು. ಆದರೂ ಫರ್ಹಾನಾ ಹಟ ಬಿಡಲಿಲ್ಲ.

ಸಿಂಚನಾ ಗುಡ್ಡದಲ್ಲೇ ಉಳಿದಳು. ಕೆಲವು ತಿಂಗಳಾದ ಮೇಲೆ ಹುಬ್ಬಳ್ಳಿಗೆ ಬಂದವಳು ಹೇಳಿದಳು: “ಆ ಯಂತ್ರದ್ದೇ ಎಲ್ಲ ತಪ್ಪು ಅನ್ನಬೇಡಿ ಮೇಡಂ.”

“ಗೊತ್ತು,” ಎಂದರು ಫರ್ಹಾನಾ. “ನಾನು ಚಿಕ್ಕವಳಿದ್ದಾಗ, ಎರಡು ಸಾವಿರದ ಇಪ್ಪತ್ತರ ದಶಕದಲ್ಲಿ, ಹದ ಎಲ್ಲಿತ್ತು? ಅಮ್ಮ ಬಾತ್‌ರೂಮಿನಲ್ಲಿ ನಲ್ಲಿ ತಿರುಗಿಸಿ ಅಳೋಳು. ಆಮೇಲೆ ಮುಖ ತೊಳೆದು ಬಂದು ದೂರದೂರಿನಲ್ಲಿದ್ದ ಅಪ್ಪನ ಫೋನ್ ಬಂದರೆ ಎತ್ತಿ, ‘ಹ್ಞಾಂ, ಎಲ್ಲ ಆರಾಮ್’ ಅನ್ನೋಳು. ಅಪ್ಪ ಅದನ್ನ ನಂಬೋರು.”